ಒಂಬತ್ತನೆಯ ವಾಷರು

ಎರಡು ವರ್ಷ ಹಿಡಿಯಿತು ನನಗೆ, ಅದನ್ನು ಕಟ್ಟಲು.
ಐದು ಅಲಗು, ಅವುಗಳ ಬುಡದ ಕೀಲು,
ಅಲಗುಗಳನ್ನು ವಾಲಿಸುವ ತಟ್ಟೆ, ಕೆಳಗೆ ಗೇರುಪೆಟ್ಟಿಗೆ.
ಮೌಸಿನಲ್ಲಿ ಎಳೆದರೆ ಈರುಳ್ಳಿಯ ಹಾಗೆ
ಪದರ ಪದರ ಬಿಚ್ಚಿಕೊಳ್ಳುತ್ತದೆ,
ಕಣ್ಣಲ್ಲಿ ನೀರು ಬರಿಸದೆ.

ಹೊರಗೆ ಯಾಕುತ್ಸ್ಕ್, ಮೈನಸ್ ನಲವತ್ತಾರು.
ಬಿಟ್ಟ ಉಸಿರು ಪುಡಿಯಾಗಿ ಉದುರುವ ಸದ್ದು
ಬಿಟ್ಟವರಿಗೇ ಕೇಳುವ ಚಳಿ.
ಒಳಗೆ ಹೀಟರು, ಹನ್ನೊಂದು ಪರದೆ,
ಪ್ರತಿ ಪರದೆಯಲ್ಲೂ ನನ್ನ ಹೆಲಿಕಾಪ್ಟರು
ಗಾಳಿಯೇ ಇಲ್ಲದ ನೀಲಿಯಲ್ಲಿ.

ಪ್ರೊಕೋಪಿ ಸ್ಲೆಪ್ಸೋವ್ ಮೇಷ್ಟ್ರು ಕನ್ನಡಕ ಹಣೆಗೇರಿಸಿ
ಮೂಗು ಗಾಜಿಗೆ ತಗಲುವಷ್ಟು ಬಾಗಿದರು.
ಹಲ್ಲಿಗೆ ಹಲ್ಲು ಕೂಡುವುದನ್ನು ಒಳಗಿನಿಂದ ಕಂಡರು.
ಮೂವತ್ತು ವರ್ಷ ಕೈ ಹೋಗಿದ್ದ, ಕಣ್ಣು ಹೋಗದ ಜಾಗ.
"ಓ, ಹೀಗಿದ್ದೆಯಾ ನೀನು" ಎಂದರು
ಗೇರಿಗೆ. ನನಗಲ್ಲ.

ಆಮೇಲೆ ತುಯಾರಾಳ ಸರದಿ.
ಬಾಲದ ರೋಟರು: ಹನ್ನೆರಡು ಬೋಲ್ಟು, ಹನ್ನೆರಡು ವಾಷರು.
ಒಂಬತ್ತನೆಯದು ಜಾರಿತು,
ಕವಚದ ಸಂದಿಯತ್ತ ಉರುಳಿ ಮಾಯವಾಯಿತು.
ತಟ್ಟೆಯಲ್ಲಿ ಹೊಸದೊಂದು ಹೊಳೆಯಿತು.
ಅದು ನಾನೇ ಬರೆದಿಟ್ಟ ಉಪಕಾರ,
ಕಲಿಯುವ ಮಕ್ಕಳಿಗೆ ಬೇಸರ ಬಾರದಿರಲೆಂದು.

"ಎಲ್ಲಿ ಹೋಯಿತು?"
ಎಲ್ಲಿಗೂ ಇಲ್ಲ ಮೇಷ್ಟ್ರೇ, ಅಳಿಸಿಹೋಯಿತು.
"ಲೋಹ ಅಳಿಸಿಹೋಗುವುದಿಲ್ಲ, ತಾಯಿ."
ನಾನು ಅವರ ಎಡಗೈ ನೋಡಿದೆ. ಎರಡು ಬೆರಳ ತುದಿಗಳನ್ನು
ಯಾವುದೋ ಜನವರಿ ಇಟ್ಟುಕೊಂಡಿತ್ತು.

ಕಥೆ ಹೇಳಿದರು, ಚಹಾ ಆರುವಷ್ಟು ಹೊತ್ತು.
ಉತ್ತರದ ಒಂದು ಹಳ್ಳಿಗೆ ಔಷಧಿ, ಪೆಟ್ಟಿಗೆಗಳು ಆಗಲೇ ಒಳಗೆ,
ಪೈಲಟ್ ಗಡಿಯಾರ ನೋಡುತ್ತಿದ್ದ,
ಎಣಿಸಿದರೆ ಒಂದು ವಾಷರು ಕಡಿಮೆ.
ಹಾರಬೇಡಿ ಎಂದುಬಿಟ್ಟರಂತೆ.
ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿ
ಬಿಚ್ಚಿದ್ದನ್ನೇ ಮತ್ತೆ ಬಿಚ್ಚಿ,
ಹೊಟ್ಟೆ ತುಂಬ ತಿಂದದ್ದು ಬೈಗುಳ ಮಾತ್ರ.
ಮನೆಯಲ್ಲಿ ಹೆಂಡತಿ ಅವರ ಉಣ್ಣೆಬೂಟನ್ನು
ಒಲೆಯ ಬಳಿ ಕೊಡವಿದಾಗ
ಟಣ್.

"ಅಷ್ಟು ಸಣ್ಣ ಸದ್ದು. ಈಗಲೂ ನಿದ್ದೆಯಿಂದ ಎಬ್ಬಿಸುತ್ತದೆ."

ಆ ಎರಡು ದಿನ ಆ ಹಳ್ಳಿಯಲ್ಲಿ ಏನಾಯಿತು,
ಕೇಳಲು ನನಗೆ ಬಾಯಿ ಬರಲಿಲ್ಲ.
ಅವರೂ ಹೇಳಲಿಲ್ಲ.

ರಾತ್ರಿ ಕೂತು ಉಪಕಾರದ ಸಾಲುಗಳನ್ನು ಅಳಿಸಿದೆ.
ಬಿದ್ದದ್ದು ಇನ್ನು ಬಿದ್ದಲ್ಲೇ ಇರಲಿ,
ಸಿಗುವವರೆಗೂ ಪಾಠ ಮುಗಿಯದಿರಲಿ.
ಪರದೆಯ ಕೈಗೆ ದಪ್ಪ ಕೈಗವುಸು ತೊಡಿಸಿದೆ,
ಬೆರಳುಗಳು ಪೆದ್ದಾದವು, ಒಳ್ಳೆಯದೇ ಆಯಿತು.
ಚಳಿಯನ್ನೂ ಬರೆಯಲು ಹೋದೆ.
ಅಂಚಿಗೆ ಬಿಳಿ ಬಳಿದಂತಾಯಿತು, ಅಷ್ಟೆ. ತೆಗೆದುಹಾಕಿದೆ.

ಮುಂದಿನ ವಾರ ತುಯಾರಾ ಮತ್ತೆ ಬೀಳಿಸಿದಳು.
ಉಳಿದವರು ಊಟಕ್ಕೆ ಎದ್ದರು.
ಅವಳು ಕವಚ ತೆಗೆದಳು, ದಂಡ ತೆಗೆದಳು,
ಗೇರುಗಳನ್ನು ಒಂದೊಂದಾಗಿ ನೀಲಿಯಲ್ಲಿ ಸಾಲಿಟ್ಟಳು,
ಇಡೀ ಬಾಲ ಬರಿದಾಯಿತು, ವಾಷರು ಇಲ್ಲ.
ನನ್ನದೇ ತಪ್ಪಿರಬೇಕೆಂದು ನಾನು ಕುಗ್ಗಿ ಕೂತಿರುವಾಗ
"ಬಿಚ್ಚದೆ ಉಳಿದದ್ದು ಕೈಯೊಂದೇ" ಎಂದು
ಕೈಯನ್ನೇ ತಿರುಗಿಸಿದಳು.

ಕೈಗವುಸಿನ ಮಣಿಕಟ್ಟಿನ ಮಡಿಕೆಯಲ್ಲಿತ್ತು.
ಅಲ್ಲೊಂದು ಮಡಿಕೆ ಇದೆಯೆಂದು
ಕಟ್ಟಿದ ನನಗೇ ಗೊತ್ತಿರಲಿಲ್ಲ.
ಮೇಷ್ಟ್ರು ನಗಲಿಲ್ಲ. ತಮ್ಮ ಬೂಟು ನೋಡಿಕೊಂಡರು.

ಮಾರ್ಚಿನಲ್ಲಿ ಹ್ಯಾಂಗರಿಗೆ ಹೋಗಿದ್ದೆ.
ನಿಜದ ಯಂತ್ರಕ್ಕೆ ಸೀಮೆಎಣ್ಣೆಯ ವಾಸನೆ,
ನಾನು ಎಲ್ಲೂ ಬಳಿಯದಿದ್ದ ಕೊಳೆ.
ಏಣಿಯ ಮೇಲೆ ತುಯಾರಾ, ತುಟಿಯಲ್ಲೇ ಎಣಿಕೆ, ನಮ್ಮ ಮಾತಿನಲ್ಲಿ:
ಬೀರ್, ಇಕ್ಕಿ, ಯುಸ್...
ತೊಗುಸ್ ಎಂದವಳು ನಿಂತಳು,
ಎರಡೂ ಕೈಗವುಸು ಕಳಚಿ ಬೋರಲು ಹಾಕಿ ಕೊಡವಿದಳು.
ಏನೂ ಬೀಳಲಿಲ್ಲ.
ಏನೂ ಬೀಳದ ಆ ಸದ್ದನ್ನು ಕೇಳಿಸಿಕೊಂಡು
ಮುಂದಕ್ಕೆ ಎಣಿಸಿದಳು.